ಆಗು ಅಂದರೋ, ಲಾಗು ಅಂದರೋ

ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ ಅಶ್ವತ್ಥಪ್ಪನವರಿಗೆ ಈಗ ಐವತ್ಮೂರು. ಈ ಐವತ್ಮೂರು ವರ್ಷದಲ್ಲಿ ಅವರು ಯಾವುದಕ್ಕೂ ಕಾದವರಲ್ಲ. ಡೈರಿಗೆ ಮೆಷಿನ್ನು ಬರುವ ಮೊದಲು ಹಾಲಿನ ಗಟ್ಟಿತನ ನೋಡುವುದಕ್ಕೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿ ಇತ್ತು. ಅದನ್ನು ಹಾಲಿಗೆ ಬಿಟ್ಟರೆ ನಾಲ್ಕು ಸಲ ಮೇಲೆ ಕೆಳಗೆ ಕುಣಿದು ಆಮೇಲೆ ಒಂದು ಕಡೆ ನಿಲ್ಲುತ್ತದೆ. ನಿಂತ ಮೇಲೆ ಓದಬೇಕು. ಸೆಕ್ರೆಟರಿಯವರು ಮಾತ್ರ ಅದು ಮೊದಲ ಸಲ ಮುಳುಗಿದಾಗಲೇ "ನೀರು!" ಎಂದು ತೀರ್ಪು ಕೊಟ್ಟು ಮುಂದಿನ ಕ್ಯಾನಿಗೆ ಕೈ ಚಾಚುತ್ತಿದ್ದರು. ಅರ್ಧ ಊರಿಗೆ ಹಾಲಿಗೆ ನೀರು ಬೆರೆಸುವವರೆಂಬ ಹೆಸರು ಬಂದದ್ದು ಹೀಗೆ. ಈಗ ಮೆಷಿನ್ನು ಬಂದಿದೆ. ಅದು ಅಂಕಿ ತೋರಿಸುವುದಕ್ಕೆ ಒಂದು ನಿಮಿಷ ತೆಗೆದುಕೊಳ್ಳುತ್ತದೆ. ಆ ಒಂದು ನಿಮಿಷದಲ್ಲಿ ಸೆಕ್ರೆಟರಿಯವರು ಮೇಜಿನ ಮೇಲೆ ಬೆರಳು ಬಡಿದೂ ಬಡಿದೂ ಸನ್‌ಮೈಕ ಎದ್ದು ಬಂದಿದೆ.

ಬೆಂಗಳೂರಿನಿಂದ ಬಂಗಾರಪೇಟೆಗೆ ರೈಲಿನಲ್ಲಿ ಬರುವಾಗ ಮಾಲೂರು ದಾಟಿದರೆ ಸಾಕು, ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಲ್ಲುತ್ತಾರೆ. ಒಂದು ಸಲ ಹೀಗೆ ನಿಂತು ನಿಂತು ತಡೆಯಲಾರದೆ ಟೇಕಲ್ಲಿನಲ್ಲೇ ಇಳಿದು, ರೈಲು ಹೊರಟ ಮೇಲೆ ಇದು ಬಂಗಾರಪೇಟೆಯಲ್ಲವೆಂದು ಕಂಡುಕೊಂಡರು. ಇನ್ನೊಂದು ಸಲ, ಹಸು ಗಬ್ಬ ಕಟ್ಟಿಲ್ಲವೆಂದು ತಾವೇ ನಿರ್ಧರಿಸಿ ಕಾಮಸಮುದ್ರದವನೊಬ್ಬನಿಗೆ ಮಾರಿದರು. ಅದು ಅವನ ಕೊಟ್ಟಿಗೆಯಲ್ಲಿ ಐದೇ ತಿಂಗಳಿಗೆ ಹೆಣ್ಣುಗರು ಹಾಕಿತು. "ನನಗೆ ಗೊತ್ತಿತ್ತು," ಎಂದರು ಸೆಕ್ರೆಟರಿಯವರು. ಏನು ಗೊತ್ತಿತ್ತೆಂದು ಯಾರೂ ಕೇಳಲಿಲ್ಲ.

ಇಂಥವರು ಎರಡು ವರ್ಷದ ಹಿಂದೆ ಗಾಳ ಹಿಡಿದರು.

ಎರೆಹುಳು ಚುಚ್ಚಿ ಬೆಂಡು ನೋಡುತ್ತ ಕೂರುವ ಗಾಳವಲ್ಲ, ಅದು ಹುಡುಗರ ಕೆಲಸ. ಸೆಕ್ರೆಟರಿಯವರದ್ದು ಟೆಕ್ನಿಕ್ಕು. ಮೊಬೈಲಿನಲ್ಲಿ ಅಮೆರಿಕದವರು ಕೆರೆಯ ನೀರಿನ ಮೇಲೆ ರಬ್ಬರಿನ ಕಪ್ಪೆ ಎಸೆದು, ಅದನ್ನು ಜೀವಂತ ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡು ಎಳೆದು, ಬಾಸ್ ಎಂಬ ಮೀನು ನೀರು ಸೀಳಿ ಮೇಲೆ ಹಾರಿ ಅದನ್ನು ಕಚ್ಚುವುದನ್ನು ಅವರು ಕಂಡಿದ್ದರು. ತಿಂಗಳೊಳಗೆ ಕೊರಿಯರಿನಲ್ಲಿ ಒಂದು ಕೋಲು, ಒಂದು ರೀಲು, ಹೊಟ್ಟೆ ಟೊಳ್ಳಾದ ಆರು ರಬ್ಬರ್ ಕಪ್ಪೆ, ಹದಿನಾಲ್ಕು ಜೇಬಿನ ಒಂದು ಅಂಗಿ ಬಂದವು. ಹದಿನಾಲ್ಕು ಜೇಬಿನಲ್ಲಿ ಹದಿಮೂರು ಇವತ್ತಿಗೂ ಖಾಲಿ. ಒಂದರಲ್ಲಿ ಡೈರಿಯ ಬೀಗದ ಕೈ ಇರುತ್ತದೆ.

"ಬಾಸ್ ಅಂದ್ರೆ ಯಾರ್ಲಾ?" ಎಂದು ಅವರ ಸೋದರಮಾವ ಚಿಕ್ಕಮುನಿಯಪ್ಪ ಕೇಳಿದ. ಎಪ್ಪತ್ತರ ಮುದುಕ. ಕೆರೆಯ ಏರಿಯ ಮೇಲೆ ಎಂಟು ಕುರಿ ಮೇಯಿಸಿಕೊಂಡಿರುತ್ತಾನೆ. ಮನೆಮಾತು ತೆಲುಗು. ಕನ್ನಡ ಆಡಿದರೂ ಅರ್ಧ ಗಡಿಯ ಆಚೆಯದೇ.

"ಬಾಸ್ ಅಂದ್ರೆ ಮೀನು ಮಾವ. ಅಮೆರಿಕದಾಗೈತೆ. ನಮ್ಮ ಕೆರೇಲಿರೋ ಕೊರಮೀನು ಅದರ ತಮ್ಮ ಇದ್ದಂಗೆ. ಎರಡೂ ಒಂದೇ ತರ ಮೇಲೆ ಬಂದು ಒಡೀತವೆ."

"ತಮ್ಮ ಇಲ್ಲಿ, ಅಣ್ಣ ಅಲ್ಲಿ. ಅಣ್ಣನ ನೋಡಿ ತಮ್ಮನ ಇಡೀತೀಯ." ಮುದುಕ ಬೀಡಿ ಹಚ್ಚಿಕೊಂಡ. "ಇಡಿ, ಇಡಿ."

ಎರಡು ವರ್ಷದಲ್ಲಿ ಹಿಡಿದದ್ದು ಒಂದೂ ಇಲ್ಲ. ಇದಕ್ಕೆ ಸೆಕ್ರೆಟರಿಯವರು ಕೊಡುವ ಕಾರಣ ಒಂದು ಮಟ್ಟಿಗೆ ನಿಜವೇ. ಕೊರಮೀನು ಮೇಲೆ ಬಂದು ಹೊಡೆಯುವುದು ಬೆಳಗಿನ ತಂಪಿನಲ್ಲಿ, ಸಂಜೆಯ ತಂಪಿನಲ್ಲಿ. ಡೈರಿಗೆ ಹಾಲು ಬರುವುದೂ ಅದೇ ಹೊತ್ತಿನಲ್ಲಿ. ಮೀನು ಊಟ ಮಾಡುವಾಗ ಇವರು ಕ್ಯಾನು ಎಣಿಸುತ್ತಾರೆ. ಇವರು ಕೆರೆಗೆ ಬರುವ ಹನ್ನೊಂದು ಗಂಟೆಗೆ ಮೀನು ಜೊಂಡಿನ ನೆರಳಲ್ಲಿ ಮಲಗಿರುತ್ತದೆ. ಹಿಡಿಯದಿದ್ದರೇನು, ವಿದ್ಯೆ ಇದೆಯಲ್ಲ. ಹಾಲಿನ ಸರತಿಯಲ್ಲಿ ನಿಂತವರಿಗೆಲ್ಲ ಅವರು ಫ್ಯಾಟಿನ ದರಪಟ್ಟಿಯ ಹಿಂಬದಿಯಲ್ಲಿ ಕೊರಮೀನಿನ ಚಿತ್ರ ಬರೆದು ತೋರಿಸುತ್ತಿದ್ದರು. ಕೊನೆಗೆ ಯಾವಾಗಲೂ ಒಂದೇ ಮಾತು: "ಇದಕ್ಕೆಲ್ಲ ಮುಖ್ಯವಾಗಿ ಬೇಕಾದ್ದು ತಾಳ್ಮೆ." ಈ ಮಾತು ಹೇಳುವಾಗಲೂ ಬೆರಳು ಮೇಜು ಬಡಿಯುತ್ತಲೇ ಇರುತ್ತಿತ್ತು.

ಹೀಗೇ ಸುಖವಾಗಿ ನಡೆದುಹೋಗುತ್ತಿತ್ತೇನೋ. ಆದರೆ ಈ ಸಲದ ಕಾರ್ತೀಕದಲ್ಲಿ ಅವರ ಹೆಂಡತಿ ಗಂಗರತ್ನಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಕೋಲಾರದಲ್ಲಿ ಆಪರೇಶನ್ ಆಯಿತು. ಆಪರೇಶನ್ ಚೆನ್ನಾಗಿಯೇ ಆಯಿತು, ನಾಲಿಗೆ ಮಾತ್ರ ಸತ್ತುಹೋಯಿತು. ಮುದ್ದೆ ಇಳಿಯದು, ಗಂಜಿ ಇಳಿಯದು, ಏನು ಕೊಟ್ಟರೂ ಸುಣ್ಣ ತಿಂದ ಹಾಗೆ. ಪಕ್ಕದ ಮನೆಯ ಅಮ್ಮಾಜಮ್ಮ ಆಸ್ಪತ್ರೆಗೆ ನೋಡಲು ಬಂದವಳು, "ಒಲಿಗೆ ಆಕಿದ ಮೈಗೆ ಕೊರಮೀನು ಸಾರು ಕೊಡ್ಬೇಕು ಕಣಮ್ಮ, ಗಾಯ ಬ್ಯಾಗ ಕೂಡ್ತದೆ," ಎಂದಳು. ಡಾಕ್ಟರನ್ನು ಕೇಳಿದರೆ, "ಗಾಯದ ವಿಷಯ ನನಗೆ ಗೊತ್ತಿಲ್ಲ, ಎಣ್ಣೆ ಕಮ್ಮಿ ಹಾಕಿ ತಿನ್ನಲಿ," ಎಂದರು. ಮೀನಿನ ಹೆಸರು ಕೇಳಿದ್ದೇ ಗಂಗರತ್ನಮ್ಮನ ಬಾಯಲ್ಲಿ ಎಷ್ಟೋ ದಿನದ ಮೇಲೆ ನೀರೂರಿತು.

"ಬಂಗಾರಪೇಟೆ ಮಾರ್ಕೆಟ್ನಾಗೆ ಸಿಕ್ತದೆ, ಬತ್ತಾ ಒಂದು ತಂದ್ಬಿಡು ನವ್ಯಾರಪ್ಪ," ಎಂದಳು ಆಕೆ, ಮಗಳ ಹೆಸರಿನ ಮೇಲೆ ಗಂಡನನ್ನು ಕರೆದು.

ಅವಳು ಬಾಯಿ ಮುಚ್ಚುವ ಮೊದಲೇ ಸೆಕ್ರೆಟರಿಯವರು ಎದ್ದು ನಿಂತಿದ್ದರು. "ಮಾರ್ಕೆಟ್ ಮೀನಾ? ಯಾವ ತೊಟ್ಟೀಲಿ ಬೆಳೆದಿದ್ದೋ ಏನೋ! ನಾನಿಲ್ವಾ? ನಮ್ಮ ಕೆರೆ ಕೊರಮೀನು ನನ್ನ ಕೈಯಾರೆ ಇಡಿದು ತತ್ತೀನಿ. ಅದೇ ಸಾರು ನೀನು ಕುಡೀಬೇಕು."

"ನನಗೆ ಮೀನು ಸಾಕು. ಕೈ ಯಾರದಾದ್ರೇನು."

"ನೀನು ಸುಮ್ಕಿರು."

ವಾರ್ಡಿನ ಐದು ಮಂಚದವರೂ ಇದನ್ನು ಕೇಳಿದರು. ಐದರಲ್ಲಿ ಒಬ್ಬಾಕೆ ನಮ್ಮ ಪಕ್ಕದೂರಿನವಳು. ಮಾರನೇ ಬೆಳಗ್ಗೆ ಹಾಲಿನ ಸರತಿಯಲ್ಲಿ ಇದ್ದವರಿಗೆಲ್ಲ ಸುದ್ದಿ ತಲುಪಿತ್ತು. ಅವತ್ತಿನಿಂದ ಕ್ಯಾನು ಇಡುವವರೆಲ್ಲ ಹಾಲಿನ ಅಂಕಿ ಕೇಳುವ ಮೊದಲು, "ಸಿಕ್ತಾ ಸೆಕ್ರೆಟ್ರಿ?" ಎನ್ನತೊಡಗಿದರು.

ಹಾಗೆ ಕೇಳಿಸಿಕೊಂಡು ಬರಿಗೈಯಲ್ಲಿ ಇರಲಾಗದೆ ಸೆಕ್ರೆಟರಿಯವರು ಸುಬ್ರಮಣಿಯನ್ನು ಕರೆಸಿದರು. ಸುಬ್ರಮಣಿ ಊರಿಗಾಂನವನು, ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದವನು. ಗಣಿ ಮುಚ್ಚಿದ ಮೇಲೆ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಫಿಟ್ಟರ್ ಕೆಲಸ ಮಾಡಿ ಕತ್ತಲಾದ ಮೇಲೆ ಬರುತ್ತಾನೆ. ಭಾನುವಾರ ಮಾತ್ರ ಮನುಷ್ಯನಾಗಿ ಯಾವುದಾದರೂ ಕೆರೆಯ ಮೇಲೆ ಸಿಗುತ್ತಾನೆ. ಅವನ ಕೋಲು ಹಳೆಯದು. ಅವನ ಕಪ್ಪೆಗೆ ಒಂದೇ ಕಾಲು, ಇನ್ನೊಂದನ್ನು ಮೀನು ತಿಂದಿದೆ. ಆದರೆ ಅವನು ಬರಿಗೈಯಲ್ಲಿ ಮನೆಗೆ ಹೋದದ್ದನ್ನು ಕಂಡವರಿಲ್ಲ.

ಮೊದಲನೇ ಭಾನುವಾರ ಸೆಕ್ರೆಟರಿಯವರು ಅವನಿಗೆ ಮುಕ್ಕಾಲು ಗಂಟೆ ಪಾಠ ಮಾಡಿದರು. ಸುಬ್ರಮಣಿ ಎಲ್ಲವನ್ನೂ ಕೇಳಿ, "ಸೆರಿ ಅಣ್ಣೇ, ಈಗ ಎಸಿ," ಎಂದ.

ಎಸೆದರು. ಕಪ್ಪೆ ಅವನು ತೋರಿಸಿದ ನೆರಳಲ್ಲಿ, ತಾವರೆ ಎಲೆಯ ಪಕ್ಕ ಬಿತ್ತು. ಎರಡು ಸಲ ಕುಪ್ಪಳಿಸಿತು. ಮೂರನೇ ಸಲಕ್ಕೆ ಕೆಳಗಿನಿಂದ ನೀರು ಢಬಾರೆಂದು ಒಡೆದು ಕಪ್ಪು ತಲೆಯೊಂದು ಎದ್ದಿತು. ಅದೇ ಕ್ಷಣ ಸೆಕ್ರೆಟರಿಯವರು ಕೋಲನ್ನು ಹಿಂದಕ್ಕೆ ಸೆಳೆದರು. ಕಪ್ಪೆ ಮೀನಿನ ಬಾಯಿಗೆ ಸಿಗದೆ, ಗಾಳಿಯಲ್ಲಿ ಹಾರಿ ಬಂದು, ಅವರ ಟೋಪಿಯನ್ನು ಕಿತ್ತುಕೊಂಡು ಹಿಂದಿನ ಜಾಲಿಮರಕ್ಕೆ ಸಿಕ್ಕಿಕೊಂಡಿತು.

"ನೋಡ್ದಾ? ಎಂಗೆ ಬಂತು!" ಎಂದರು ಸೆಕ್ರೆಟರಿಯವರು.

"ಬಂತು ಅಣ್ಣೇ. ಕಪ್ಪೆನೇ ಇರ್ಲಿಲ್ಲ." ಸುಬ್ರಮಣಿ ಜಾಲಿಮರದ ಕೆಳಗೆ ಹೋಗಿ ಟೋಪಿ ಬಿಡಿಸತೊಡಗಿದ. "ಅಣ್ಣೇ, ವಿರಾಲ್ ಮೂರು ತರ ಒಡೀತದೆ." ಕೊರಮೀನಿಗೆ ಅವನು ತಮಿಳಿನಲ್ಲಿ ವಿರಾಲ್ ಎನ್ನುತ್ತಾನೆ. "ಒಂದು, ಬಾಲದಾಗೆ ಚಪಾರ್ ಅಂತ ಒಡೀತದೆ. ಅದು ಕಚ್ಚಿದ್ದಲ್ಲ, ಬೆದರ್ಸಿದ್ದು. ಆಗ ಕಪ್ಪೇನ ಅಲ್ಲೇ ಬಿಡ್ಬೇಕು, ಚೂರು ಅಲ್ಲಾಡ್ಸಬೇಕು, ತಿರುಗಿ ಬತ್ತದೆ. ಇನ್ನೊಂದು, ಸದ್ದೇ ಇರಲ್ಲ. ಸಾಸರ್‌ನಾಗೆ ಟೀ ಕುಡಿದಂಗೆ ಸುರ್ ಅಂತ ಎಳ್ಕೊಂತದೆ, ಕಪ್ಪೆ ಮಾಯ. ಆಗ ದಾರ ನೋಡ್ಬೇಕು. ದಾರ ತಾನಾಗೇ ಪಕ್ಕಕ್ಕೆ ನಡೆದ್ರೆ ಒಳಗೆ ಆಸಾಮಿ ಅವ್ನೆ ಅಂತ. ಈಗ ನಿನಗೆ ಬಂತಲ್ಲ, ಅದು ಬಾಂಬು. ಆ ಸದ್ದಿಗೆ ಎದೆ ನಿಂತೋಗ್ತದೆ, ಕೈ ತಂತಾನೆ ಎಳ್ದುಬಿಡ್ತದೆ. ಅಲ್ಲೇ ತಪ್ಪು."

"ಮತ್ತೆ ಎಳೀಬಾರ್ದಾ?"

"ಎಳೀಬೇಕು. ಸದ್ದಿಗಲ್ಲ, ಭಾರಕ್ಕೆ. ಕೋಲು ಕೆಳಗಿಳ್ಸು, ಸಡ್ಲ ದಾರ ಸುತ್ಕೋ, ಮೀನು ಕಪ್ಪೇನ ಬಾಯಿಗಾಕ್ಕೊಂಡು ತಿರುಗ್ತದೆ, ಆಗ ಕೈಗೆ ಭಾರ ಬತ್ತದೆ. ಬಂದ ಮೇಲೆ ಎಳಿ, ಗಟ್ಟಿಯಾಗಿ ಎಳಿ. ಕಣ್ಣು ಏಳಿದ್ದು ಕೇಳ್ಬೇಡ, ಕಿವಿ ಏಳಿದ್ದು ಕೇಳ್ಬೇಡ. ಕೈ ಏಳಿದ್ದು ಕೇಳು." ಟೋಪಿ ಬಿಡಿಸಿ ಕೊಟ್ಟು ಮುಂದುವರಿಸಿದ, "ನಮ್ಮಪ್ಪ ಚಿನ್ನದ ಗಣೀನಾಗೆ, ಮೈಸೂರು ಮೈನ್ಸ್‌ನಾಗೆ, ಮದ್ದು ಸಿಡಿಸ್ತಿದ್ರು. ಬತ್ತಿ ಅಚ್ಚಿದ ಮೇಲೆ ಎಷ್ಟು ಮದ್ದು ಇಟ್ಟಿದ್ರೋ ಅಷ್ಟು ಸದ್ದು ಎಣಿಸ್ಬೇಕು. ಎಣಿಸಿ, ಒಗೆ ಓಗೋವರೆಗೂ ಕಾಯ್ಬೇಕು. ಕಾದೋರು ಮನೆಗೆ ಬಂದ್ರು ಅಣ್ಣೇ."

"ಅದನ್ನೇ ನಾನು ನಿನಗೆ ಏಳಿದ್ದು," ಎಂದರು ಸೆಕ್ರೆಟರಿಯವರು. "ತಾಳ್ಮೆ."

ಎರಡನೇ ಭಾನುವಾರ ಮೀನು ಎರಡು ಸಲ ಹೊಡೆಯಿತು. ಸೆಕ್ರೆಟರಿಯವರು ಎರಡು ಸಲವೂ ಸದ್ದಿಗೇ ಎಳೆದರು. ಮೂರನೇ ಸಲವಂತೂ ಹೊಡೆಯುವ ಮೊದಲೇ. ಮೀನು ಬರಬಹುದೆಂಬ ಗುಮಾನಿಗೇ ಎಳೆದರು. ಮನೆಗೆ ಬಂದರೆ, ಆಸ್ಪತ್ರೆಯಿಂದ ಬಂದಿದ್ದ ಗಂಗರತ್ನಮ್ಮ ಗಂಜಿಯ ಲೋಟವನ್ನು ನೋಡುತ್ತ ಕೂತಿದ್ದಳು. ಅದರ ಮೇಲೆ ಕೆನೆ ಕಟ್ಟಿತ್ತು.

"ಇಲ್ವಾ?"

"ಬಂದಿತ್ತು. ತಪ್ಪಿಸ್ಕೊಂತು."

"ಬಂದಿದ್ದು ತಪ್ಪಿಸ್ಕೊಂತಾ, ನೀನೇ ಓಡಿಸ್ದಾ?"

ಈ ಪ್ರಶ್ನೆಗೆ ಉತ್ತರ ಕೊಡುವುದು ಸೆಕ್ರೆಟರಿಯವರ ಘನತೆಗೆ ಕಡಿಮೆಯಾದ್ದರಿಂದ ಅವರು ಕೈಕಾಲು ತೊಳೆಯಲು ಹೋದರು.

ಮೂರನೇ ಭಾನುವಾರದ ಕಥೆ ನಮ್ಮ ಕಡೆ ಮಾತ್ರ ಆಗುವಂಥದ್ದು. ಅವತ್ತು ಮೋಡ ಇತ್ತು, ಹನ್ನೊಂದು ಗಂಟೆಯಲ್ಲೂ ನೀರು ತಣ್ಣಗಿತ್ತು. ಸೆಕ್ರೆಟರಿಯವರು ತೂಬಿನ ಕಲ್ಲಿನ ಮೇಲೆ ನಿಂತು ಎಸೆಯುತ್ತಿದ್ದರು. ಎಡಗಡೆ ಸುಬ್ರಮಣಿ, ಬಲಗಡೆ ಏರಿಯ ಮೇಲೆ ಕುರಿಗಳ ಜೊತೆ ಚಿಕ್ಕಮುನಿಯಪ್ಪ. ಎಲ್ಲರಿಗೂ ತಿಳಿದಿತ್ತು, ಈ ಮನುಷ್ಯನ ಕೈಯನ್ನು ಯಾರಾದರೂ ತಡೆಯಬೇಕು. ಹೊಡೆದ ತಕ್ಷಣ ಕೂಗಿ ನಿಲ್ಲಿಸುವುದೆಂದು ಇಬ್ಬರೂ ಒಪ್ಪಿಕೊಂಡಿದ್ದರು. ಯಾವ ಭಾಷೆಯಲ್ಲಿ ಎಂದು ಮಾತ್ರ ಒಪ್ಪಂದವಾಗಿರಲಿಲ್ಲ.

ಕಪ್ಪೆ ಜೊಂಡಿನ ಅಂಚಿಗೆ ಬಂತು. ನೀರು ಒಡೆಯಿತು. ಈ ಸಲ ಮೀನು ಕಪ್ಪೆಯನ್ನು ಬಾಯಿಗೆ ಹಾಕಿಕೊಂಡದ್ದು ಮೂವರಿಗೂ ಕಾಣಿಸಿತು. ಆಶ್ಚರ್ಯವೆಂದರೆ ಸೆಕ್ರೆಟರಿಯವರ ಕೈ ಎಳೆಯಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಕೈ ನಿಂತಿತು.

ಅಷ್ಟರಲ್ಲಿ ಮುದುಕ ಕಿರುಚಿದ: "ಲಾ, ಆಗು!"

ಸುಬ್ರಮಣಿ ಕಿರುಚಿದ: "ಇರು! ಇರು!"

ಸೆಕ್ರೆಟರಿಯವರು ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಎಳೆದರು. ಕಪ್ಪೆ ಮೀನಿನ ತುಟಿಯಿಂದ ಜಾರಿ, ಪುಳಕ್ಕೆಂದು ಈಚೆ ಬಂತು. ನೀರಿನ ಮೇಲೆ ಒಂದು ಉಂಗುರ ಉಳಿಯಿತು.

ಮುದುಕ ಏರಿಯಿಂದ ಇಳಿದು ಬಂದ.

"ಯಾಕಪ್ಪಾ ಎಳೆದೆ?" ಎಂದ ಚಿಕ್ಕಮುನಿಯಪ್ಪ.

"ನೀನೇ ಅಲ್ವಾ ಮಾವ ಲಾಗು ಅಂದಿದ್ದು!"

"ನಾನ್ಯಾವಾಗ್ಲಾ ಅಂದೆ? ಆಗು ಅಂದೆ!"

"ಲಾಗು ಅಂದೆ. ನನ್ನ ಕಿವಿ ಕೇಳಿಸ್ಕೊಂಡೈತೆ."

"ಲಾ, ಆಗು ಅಂದೆ ಕಣ್ಲಾ! ಲಾ ಅಂದ್ರೆ ನೀನು! ಆಗು ಬೇರೆ!"

ತೆಲುಗಿನಲ್ಲಿ ಆಗು ಎಂದರೆ ನಿಲ್ಲು. ಲಾಗು ಎಂದರೆ ಎಳೆ. ಅಳಿಯನನ್ನು ನಮ್ಮ ಕಡೆಯ ಪದ್ಧತಿಯಂತೆ ಲಾ ಎಂದು ಕರೆದು, ಆಮೇಲೆ ಆಗು ಎಂದರೆ, ಗಾಬರಿಯ ಬಾಯಲ್ಲಿ ಎರಡೂ ಅಂಟಿಕೊಂಡು ಏನಾಗುತ್ತದೆಂಬುದನ್ನು ಎಪ್ಪತ್ತು ವರ್ಷದಲ್ಲಿ ಯಾರೂ ಮುದುಕನಿಗೆ ತಿಳಿಸಿರಲಿಲ್ಲ.

ಸೆಕ್ರೆಟರಿಯವರು ಸುಬ್ರಮಣಿಯ ಕಡೆ ತಿರುಗಿದರು. "ಅವ್ನು ಮುದುಕ, ಓಗ್ಲಿ. ನಿನಗೇನಾಗಿತ್ತು? ನೀನೂ ಇಳು ಅಂದೆ."

"ಅಯ್ಯೋ ಕಡವುಳೇ! ಇರು ಅಂದೆ ಅಣ್ಣೇ."

"ಇಳು ಅಂದೆ."

"ಇರು!"

"ನೋಡು, ಈಗ್ಲೂ ಇಳು ಅಂತಿದೀಯ!"

ತಮಿಳಿನಲ್ಲಿ, ಕನ್ನಡದಂತೆಯೇ, ಇರು ಎಂದರೆ ಕಾದಿರು; ಇಳು ಎಂದರೆ ಎಳೆ. ನಡುವೆ ನಾಲಿಗೆಯ ತುದಿ ಒಂದು ಕೂದಲಿನಷ್ಟು ಹಿಂದೆ ಮುಂದೆ ಆಗಬೇಕು, ಅಷ್ಟೇ. ಕನ್ನಡದಲ್ಲಿ ತಾಳು, ಎಳಿ ಎಂದು ಕಿವುಡನಿಗೂ ಬೇರೆ ಬೇರೆಯಾಗಿ ಕೇಳಿಸುವ ಎರಡು ಮಾತುಗಳಿವೆ. ಆದರೆ ನಮ್ಮ ಕಡೆ ಕನ್ನಡ ಅರ್ಜಿ ಬರೆಯುವುದಕ್ಕೆ, ಬಸ್ಸಿನ ಬೋರ್ಡು ಓದುವುದಕ್ಕೆ, ನಿಧಾನವಾಗಿ ಜಗಳವಾಡುವುದಕ್ಕೆ. ಗಾಬರಿಯಾದಾಗ ಬಾಯಿಗೆ ಬರುವುದು ಅವರವರ ಮನೆಮಾತು. ಸೆಕ್ರೆಟರಿಯವರಿಗೆ ಮೂರೂ ಭಾಷೆ ಚೆನ್ನಾಗಿ ಬರುತ್ತದೆ, ಸಭೆಗಳಲ್ಲಿ ಅದನ್ನು ಹೇಳಿಕೊಳ್ಳುವುದೂ ಉಂಟು. ಒಂದೇ ಬರುತ್ತಿದ್ದರೆ ಅವತ್ತು ಮೀನು ಸಿಗುತ್ತಿತ್ತು.

ಅವತ್ತು ಸಂಜೆ ಗಂಗರತ್ನಮ್ಮ ಕೂಗಾಡಲಿಲ್ಲ. ಅದರಿಂದಲೇ ಸೆಕ್ರೆಟರಿಯವರಿಗೆ ಹೆಚ್ಚು ಭಯವಾಯಿತು. "ನೋಡು ನವ್ಯಾರಪ್ಪ, ನಾನು ಬಾಯಿ ರುಚಿ ಕಂಡು ತಿಂಗಳಾಯ್ತು. ಎದ್ದು ನಿಂತ್ರೆ ಕಣ್ಣು ಕತ್ತಲೆ ಬತ್ತದೆ. ಬರೋ ಭಾನುವಾರ ಒಂದು ನೋಡು. ಆಗ್ಲಿಲ್ಲಾಂದ್ರೆ ಸೋಮವಾರ ಮುನಿರಾಜ ಬಂಗಾರಪೇಟೆಯಿಂದ ತತ್ತೀನಿ ಅಂತ ಫೋನ್ ಮಾಡವ್ನೆ."

ಮುನಿರಾಜ ಅವಳ ತಮ್ಮ. ಸೆಕ್ರೆಟರಿಯವರ ಜೀವನದಲ್ಲಿ ಬಾಮೈದನ ಸ್ಥಾನ ಏನೆಂದರೆ, ಅವನು ಇವರಿಗಿಂತ ಮೊದಲು ಟ್ರ್ಯಾಕ್ಟರ್ ತಂದ, ಮೊದಲು ಮನೆಗೆ ಟೈಲ್ಸ್ ಹಾಕಿಸಿದ, ಯಾವತ್ತೂ ಅವಸರ ಮಾಡಲಿಲ್ಲ. ವಾರ್ಡಿನ ಐದು ಮಂಚದ ಮುಂದೆ ಆಡಿದ ಮಾತನ್ನು ಬಾಮೈದ ಪ್ಲಾಸ್ಟಿಕ್ ಕವರಿನಲ್ಲಿ ತಂದು ಅಡುಗೆಮನೆಯಲ್ಲಿ ಇಡುವುದೆಂದರೆ! ಸೆಕ್ರೆಟರಿಯವರು ಆ ವಾರ ಹಾಲಿನ ಸರತಿಯಲ್ಲಿ ಒಂದು ಪಾಠವನ್ನೂ ಮಾಡಲಿಲ್ಲ. ದರಪಟ್ಟಿಯನ್ನು ತಿರುಗಿಸಿ ದರದ ಕಡೆಯೇ ಹೊರಗೆ ಹಾಕಿದರು.

ನಾಲ್ಕನೇ ಭಾನುವಾರ ಅವರು ಸೆಕ್ರೆಟರಿಯಾದ ಇಪ್ಪತ್ತೆರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದರು. ಬೆಳಗಿನ ಹಾಲನ್ನು ಡೈರಿಯ ಟೆಸ್ಟರ್ ಸುಮಲತಳಿಗೆ ಒಪ್ಪಿಸಿ ಆರು ಗಂಟೆಗೇ ಕೆರೆಗೆ ಬಂದರು. ಕಟ್ಟುನಿಟ್ಟಿನ ಆಜ್ಞೆಯೂ ಆಯಿತು. "ಇವತ್ತು ಯಾರೂ ಬಾಯಿ ಬಿಡಂಗಿಲ್ಲ. ತೆಲುಗಿಲ್ಲ, ತಮಿಳಿಲ್ಲ, ಕನ್ನಡಾನೂ ಇಲ್ಲ. ಕೆಮ್ಮಂಗಿಲ್ಲ. ಮಾವ, ನೀನು ಕುರಿಗಳಿಗೂ ಏಳು."

"ಕುರಿಗೆ ಏಳ್ತೀನಿ. ನಿನಗ್ಯಾರು ಏಳೋರು?"

ಅದಕ್ಕೂ ಉಪಾಯವಿತ್ತು. ಕಣ್ಣು ಹೇಳಿದ್ದು ಕೇಳಬೇಡ ಎಂದಿದ್ದನಲ್ಲ ಸುಬ್ರಮಣಿ, ಹಾಗಾದರೆ ಕಣ್ಣನ್ನೇ ಮುಚ್ಚಿಬಿಟ್ಟರೆ? ಕಪ್ಪೆಯನ್ನು ಎಸೆದು, ಸೆಕ್ರೆಟರಿಯವರು ಕಣ್ಣು ಮುಚ್ಚಿ, ದೇವರ ಮುಂದೆ ನಿಂತವರ ಹಾಗೆ ತೂಬಿನ ಕಲ್ಲಿನ ಮೇಲೆ ನಿಂತರು. ನೀರಿನ ಮೇಲೆ ಮಂಜು ಇತ್ತು. ಕಪ್ಪೆ ಕುಪ್ಪಳಿಸಿತು, ನಿಂತಿತು, ಕುಪ್ಪಳಿಸಿತು.

ಢಬಾರ್!

ಸೆಕ್ರೆಟರಿಯವರು ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು. ಕೈ ಎಳೆಯಲಿಲ್ಲ. ಕೋಲು ತಗ್ಗಿಸಿದರು. ಸಡಿಲ ದಾರ ಸುತ್ತಿದರು. ಎಲ್ಲ ಪಾಠದ ಪ್ರಕಾರವೇ. ದಾರ ಬಿಗಿಯಾಯಿತು. ಕೈಗೆ ಏನೋ ಬಂತು. ಅದು ಭಾರವೋ, ಜೊಂಡೋ, ತಮ್ಮ ಆಸೆಯೋ ಅವರಿಗೆ ತಿಳಿಯಲಿಲ್ಲ. ಐವತ್ಮೂರು ವರ್ಷ ಯಾವ ಭಾರವನ್ನೂ ಕಾದು ನೋಡಿದವರಲ್ಲವಲ್ಲ, ಗುರುತು ಹೇಗೆ ಸಿಗಬೇಕು?

"ಇದೇನಾ?" ಎಂದರು ಕಣ್ಣು ಮುಚ್ಚಿಕೊಂಡೇ.

ಸುಬ್ರಮಣಿ ಬಾಯಿಯ ಮೇಲೆ ಕೈ ಇಟ್ಟುಕೊಂಡ.

"ಸುಬ್ರಮಣಿ, ಇದೇನಾ ಭಾರ? ಎಳೀಲಾ?"

ಸುಬ್ರಮಣಿ ಹೌದೆಂದು ಜೋರಾಗಿ ತಲೆಯಾಡಿಸುತ್ತಿದ್ದ. ಕತ್ತು ಕಳಚಿ ಬೀಳುವ ಹಾಗೆ ಆಡಿಸುತ್ತಿದ್ದ. ಚಿಕ್ಕಮುನಿಯಪ್ಪ ಎರಡೂ ಕೈಯಲ್ಲಿ ಗಾಳಿಯಲ್ಲಿ ಹಗ್ಗ ಸೇದಿ ತೋರಿಸುತ್ತಿದ್ದ. ಕಣ್ಣು ಮುಚ್ಚಿದವರಿಗೆ ಇದೆಲ್ಲ ಯಾವ ಪ್ರಯೋಜನ?

"ಯಾರಾದ್ರೂ ಏಳ್ರೋ!"

ಮೀನು ಇನ್ನೂ ಒಂದು ಗಳಿಗೆ ಕಾದು ನೋಡಿತು. ಆಮೇಲೆ ರಬ್ಬರಿನ ರುಚಿ ಹಿಡಿಸದೆ ಉಗುಳಿ ಹೊರಟುಹೋಯಿತು. ದಾರ ಸಡಿಲವಾದದ್ದು ಮಾತ್ರ ಸೆಕ್ರೆಟರಿಯವರ ಕೈಗೆ ಬಲು ಸ್ಪಷ್ಟವಾಗಿ ತಿಳಿಯಿತು.

ಕಣ್ಣು ಬಿಟ್ಟರು. ಇಬ್ಬರ ಮುಖವನ್ನೂ ನೋಡಿದರು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಪ್ಪೆಯನ್ನು ನೀರಿನ ಮೇಲೇ ಬಿಟ್ಟು, ಕೆರೆಗೆ ಬೆನ್ನು ಮಾಡಿ ನಿಂತರು. ಒಂದು ತಿಂಗಳಿನದೆಲ್ಲ ಒಟ್ಟಿಗೆ ಬಂತು.

"ಬಾಯಿ ಬಿಡ್ಬೇಡಿ ಅಂದ್ರೆ ಕೇಳಿದ್ರೆ ಏಳ್ಬಾರ್ದು ಅಂತ ಅರ್ಥವಾ? ಬುದ್ಧಿ ಬೇಡ್ವಾ ಮನುಷ್ಯನಿಗೆ? ಬ್ಯಾಡ ಅಂದಾಗ ಇಬ್ಬರೂ ಕಿರುಚ್ತೀರಿ, ಬೇಕು ಅಂದಾಗ ಮೂಕರಾಗ್ತೀರಿ!"

"ಅಣ್ಣೇ..." ಎಂದ ಸುಬ್ರಮಣಿ, ಅವರ ಹೆಗಲಾಚೆ ನೀರನ್ನು ನೋಡುತ್ತ.

"ನಡುವೆ ಮಾತಾಡ್ಬೇಡ! ನಾನು ಮಾತಾಡ್ತಿದೀನಿ. ಮನೇಲಿ ಅವ್ಳು ಬರೀ ಗಂಜಿ ನೋಡ್ಕೊಂಡು ಕೂತವ್ಳೆ. ನಾಳೆ ಆ ಮುನಿರಾಜ ಬತ್ತಾನೆ, ಕವರ್ ಇಡ್ಕೊಂಡು, 'ಏನ್ ಬಾವ, ಚೆನ್ನಾಗಿದೀರಾ?' ಅಂತಾನೆ. ಏನಂತ ಏಳ್ಲಿ ಅವನಿಗೆ?"

"ಅಣ್ಣೇ, ದಾರ..."

"ದಾರದ ಮನೆ ಆಳಾಯ್ತು! ಕೇಳಿಲ್ಲಿ ಮೊದ್ಲು!"

ನೀರಿನ ಮೇಲೆ ಕಪ್ಪೆ ಇರಲಿಲ್ಲ. ಸಾಸರಿನಲ್ಲಿ ಟೀ ಕುಡಿದಂಥ ಒಂದು ಸದ್ದು, ಅಷ್ಟೇ ಆಗಿತ್ತು. ದಾರ ತಾನಾಗಿಯೇ ನಿಧಾನವಾಗಿ ಪಕ್ಕಕ್ಕೆ, ಜೊಂಡಿನ ಕಡೆಗೆ ನಡೆಯುತ್ತಿತ್ತು. ಕಂಕುಳಲ್ಲಿದ್ದ ಕೋಲಿನ ತುದಿ ಮೆಲ್ಲಗೆ ಬಾಗುತ್ತಿತ್ತು. ಸುಬ್ರಮಣಿ ಹೇಳಲು ಬಾಯಿ ತೆರೆದ, ಇನ್ನೊಂದು ಬೈಗುಳ ಬಿತ್ತು, ಮುಚ್ಚಿದ. ಸೆಕ್ರೆಟರಿಯವರು ಮಾತು ಮುಗಿಸದೆ ಯಾವ ಕೆಲಸವನ್ನೂ ಮಾಡುವವರಲ್ಲ. ಅವರಿಗೆ ಅವಸರವಿಲ್ಲದ ಜಾಗ ಪ್ರಪಂಚದಲ್ಲಿ ಅದೊಂದೇ.

"...ಐವತ್ಮೂರು ವರ್ಷದಾಗೆ ನಾನು ಯಾವ ನನ್ಮಗನಿಗೂ ಇಷ್ಟು ಕಾದಿಲ್ಲ! ಒಂದು ಮೀನಿಗೆ, ಒಂದು ಕೇವಲ ಮೀನಿಗೆ ಕಾದೆ, ಏನಾಯ್ತು? ಇದಾಯ್ತು!"

ಇದಾಯ್ತು ಎಂದು ತೋರಿಸುವುದಕ್ಕೆ ಅವರು ಕಂಕುಳ ಕೋಲನ್ನು ಕಿತ್ತು ಹಿಡಿದು ಎರಡೂ ಕೈಯನ್ನು ಆಕಾಶಕ್ಕೆ ಎತ್ತಿದರು. ಕೈಯ ಜೊತೆಗೆ ಕೋಲೂ ಎದ್ದಿತು. ಎದ್ದ ಕೋಲು ಅರ್ಧಕ್ಕೇ ನಿಂತು, ಬಿಲ್ಲಿನ ಹಾಗೆ ಬಾಗಿ, ಸೆಕ್ರೆಟರಿಯವರನ್ನೇ ಹಿಂದಕ್ಕೆ ಸೆಳೆಯಿತು.

ಆಮೇಲಿನದು ಗದ್ದಲ. ಸುಬ್ರಮಣಿ ನೀರಿಗೆ ಇಳಿದ, ಮುದುಕ ಮೂರೂ ಭಾಷೆಯಲ್ಲಿ ಕೂಗಿದ, ಕುರಿಗಳು ಚೆದುರಿದವು. ಕೊನೆಗೆ ತೂಬಿನ ಕಲ್ಲಿನ ಮೇಲೆ ಒಂದೂಕಾಲು ಕಿಲೋ ಇರಬಹುದಾದ ಕೊರಮೀನು ಬಿದ್ದು ಹೊರಳಿತು. ಕಪ್ಪೆಯ ಎರಡೂ ಕೊಕ್ಕೆ ಬಾಯೊಳಗೆ ಎಲ್ಲಿ ಸಿಕ್ಕಬೇಕೋ ಅಲ್ಲೇ ಸಿಕ್ಕಿದ್ದವು.

"ಎಂಗೆ ಕಾದೆ ಅಣ್ಣೇ!" ಎಂದ ಸುಬ್ರಮಣಿ ನಿಜವಾದ ಗೌರವದಿಂದ. "ನನ್ನಿಂದಾನೂ ಅಷ್ಟು ಕಾಯೋಕಾಗ್ತಿರ್ಲಿಲ್ಲ."

ಸೆಕ್ರೆಟರಿಯವರ ಮುಖ ನೋಡುವಂತಿತ್ತು. "ಇದು ಲೆಕ್ಕಕ್ಕಿಲ್ಲ," ಎಂದರು.

"ಯಾಕ್ಲಾ?"

"ನಾನು ಇಡೀಲಿಲ್ಲ ಮಾವ ಇದನ್ನ. ನಾನು ಬೇರೆ ಮಾತಾಡ್ತಿದ್ದೆ. ನಂಗೆ ಗೊತ್ತೇ ಇರ್ಲಿಲ್ಲ. ಇದರಾಗೆ ಟೆಕ್ನಿಕ್ ಎಲ್ಲೈತೆ?" ಅವರು ಮೀನನ್ನೂ ನೀರನ್ನೂ ನೋಡಿದರು. "ತಿರುಗಿ ಬಿಟ್ಟು, ಸರಿಯಾಗಿ ಒಂದ್ಸಲ..."

ಚಿಕ್ಕಮುನಿಯಪ್ಪ ತಲೆಯ ಟವಲು ತೆಗೆದು, ಮೀನನ್ನು ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಅಳಿಯನ ಕೈಗೆ ಸಿಗದಷ್ಟು ದೂರ ನಡೆದುಬಿಟ್ಟ. "ನಿನ್ನೆಂಡ್ರು ಉಪಾಸ ಅವ್ಳೆ. ಟೆಕ್ನಿಕ್ ಅಂತೆ, ಟೆಕ್ನಿಕ್ಕು! ನಡಿ ಮನೆಗೆ."

ಅಮ್ಮಾಜಮ್ಮ ಒಲೆಯ ಬೂದಿ ಹಾಕಿ ಮೀನಿನ ಲೋಳೆ ಉಜ್ಜಿ ತೊಳೆದಳು. ಎಣ್ಣೆ ಅರ್ಧ ಚಮಚ, ಹುಣಸೆಹುಳಿ ತೆಳ್ಳಗೆ, ಧನಿಯ ಒಂದು ಹಿಡಿ. ಸಾರು ಕುದಿಯುವಾಗಲೇ ಗಂಗರತ್ನಮ್ಮ ಗೋಡೆ ಹಿಡಿದು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತಳು. ತಟ್ಟೆಗೆ ಹಾಕಿದ ಸಣ್ಣ ಮುದ್ದೆ ಮುಗಿಯಿತು. ಇನ್ನೊಂದು ಹಾಕಿಸಿಕೊಂಡಳು. ಒಂದು ತಿಂಗಳಿನಿಂದ ಬಿಳಿಚಿಕೊಂಡಿದ್ದ ಮುಖದಲ್ಲಿ ಬೆವರು ಮೂಡಿತು. ಮೂಗು ಒರೆಸಿಕೊಂಡು ಗಂಡನ ಕಡೆ ನೋಡಿದಳು.

"ಎಂಗಿಡಿದೆ ನವ್ಯಾರಪ್ಪ?"

ಎರಡು ವರ್ಷದಿಂದ ಸೆಕ್ರೆಟರಿಯವರು ಈ ಪ್ರಶ್ನೆಗಾಗಿಯೇ ಇದ್ದರು. ಮೂರು ತರದ ಹೊಡೆತ, ಸದ್ದಿಗೂ ಭಾರಕ್ಕೂ ಇರುವ ಭೇದ, ದಾರ ಹೇಳುವ ಮಾತು, ಎಲ್ಲವೂ ಬಾಯಿಯ ತುದಿಯಲ್ಲಿತ್ತು. ಆದರೆ ಬಾಗಿಲಾಚೆ ಜಗುಲಿಯ ಮೇಲೆ ಚಿಕ್ಕಮುನಿಯಪ್ಪ ತನ್ನ ಪಾಲಿನ ತುಂಡು ತಿನ್ನುತ್ತ ಕೂತಿದ್ದ, ಅವನ ಕಿವಿ ಇತ್ತ ಕಡೆಯೇ ಇತ್ತು.

"ನಾನು ಬೈಕೊಂತಿದ್ದೆ," ಎಂದರು ಸೆಕ್ರೆಟರಿಯವರು. "ಅದು ಬಂದು ಕಚ್ಚಿಕೊಂತು."

ಗಂಗರತ್ನಮ್ಮ ನಕ್ಕಳು. ನಗಬಾರದು, ಹೊಲಿಗೆ ಹಾಕಿದ ಜಾಗ ಇನ್ನೂ ಎಳೆಯದು ಎಂದು ಹೊಟ್ಟೆ ಒತ್ತಿ ಹಿಡಿದುಕೊಂಡು ನಕ್ಕಳು. ಆಗಲೇ ಅವಳ ಫೋನು ಹೊಡೆದುಕೊಂಡಿತು. ಮುನಿರಾಜ.

"ಅಕ್ಕಾ, ಬಾವಂಗೆ ಸಿಕ್ತಂತಲ್ಲ? ಡೈರಿ ತಾವ ಎಲ್ಲಾ ಅದೇ ಮಾತು. ಅಂಗಾದ್ರೆ ನಾಳೆ ನಾನು ತರೋದು ಬ್ಯಾಡ ಅಲ್ವಾ?"

ಸೆಕ್ರೆಟರಿಯವರು ನೆಟ್ಟಗೆ ಕೂತರು. ಮದುವೆಯಾದಾಗಿನಿಂದ ಬಾಮೈದ ಹಿಂದೆ ಸರಿದದ್ದು ಇದೇ ಮೊದಲು.

"ಬ್ಯಾಡ ಯಾಕೆ? ತಗೊಂಬಾ," ಎಂದಳು ಗಂಗರತ್ನಮ್ಮ, ಬೆರಳಿನ ಸಾರು ನೆಕ್ಕುತ್ತ. "ಒಂದಲ್ಲ ಕಣೋ, ಎರಡು ತಗೊಂಬಾ. ನಿಮ್ಮ ಬಾವ ಇಡಿದಿದ್ದು ಇವತ್ತಿಗೇ ಮುಗೀತು. ಬಾಯಿ ರುಚಿ ಈಗ ತಾನೇ ಬಂದೈತೆ."